ತಿಗುರಿಯ ಮೇಲಿನ ಹಲಗೆ



ಮಣ್ಣಿನ ಪಾತ್ರೆಗಳಲ್ಲಿ ಮಾಡಲು ಅತಿ ಸುಲಭವಾದುದು ಯಾವುದು ಎಂದು ಕೇಳಿದರೆ, ಕುಂಬಾರಿಕೆಯನ್ನು ಅರಿಯದವರು ಬಹುಮಟ್ಟಿಗೆ ಒಂದೇ ಉತ್ತರವನ್ನು ಕೊಡುತ್ತಾರೆ: ತಟ್ಟೆ. ಕೊಡಕ್ಕೆ ಹೊಟ್ಟೆಯುಂಟು, ಕೊರಳುಂಟು, ಬಾಯುಂಟು, ಹೂಜಿಗೆ ಮೂತಿಯುಂಟು, ತಟ್ಟೆಗೆ ಏನಿದೆ? ಮಣ್ಣನ್ನು ಚಪ್ಪಟೆಯಾಗಿ ಒತ್ತಿ ಅಂಚನ್ನು ತುಸು ಎತ್ತಿದರೆ ಆಯಿತು. ತಿಗುರಿಯ ಮುಂದೆ ಕುಳಿತವರ ಅನುಭವವಾದರೋ ಇದಕ್ಕೆ ನೇರ ವಿರುದ್ಧವಾದುದು. ಲೋಟವನ್ನೂ ಬಟ್ಟಲನ್ನೂ ಸಲೀಸಾಗಿ ಎಬ್ಬಿಸಬಲ್ಲವನು ತಟ್ಟೆಯ ಮುಂದೆ ಸೋಲುತ್ತಾನೆ. ಒಂದು ತಟ್ಟೆ ಡೊಂಕಾಗುತ್ತದೆ, ಇನ್ನೊಂದು ನಡುವೆ ಸೀಳುತ್ತದೆ, ಮತ್ತೊಂದು ಒಣಗುವಾಗ ಹಪ್ಪಳದಂತೆ ಮುರುಟುತ್ತದೆ. ಅವನು ತನ್ನ ಕೈಯನ್ನು ಬೈದುಕೊಳ್ಳುತ್ತಾನೆ. ಆದರೆ ಬಹು ಸಲ ತಪ್ಪು ಕೈಯದಲ್ಲ. ತಟ್ಟೆಯ ಅಡಿಯಲ್ಲಿ, ನೋಡುವವರ ಲಕ್ಷ್ಯಕ್ಕೆ ಬಾರದ ಒಂದು ಹಲಗೆ ಇರುತ್ತದೆ. ಆ ಹಲಗೆಯು ತಿಗುರಿಯ ಮೇಲೆ ಹೇಗೆ ಕುಳಿತಿದೆ ಎಂಬುದರಲ್ಲಿ ತಪ್ಪಿರುತ್ತದೆ. ಈ ಹೊತ್ತು ನಾವು ಆ ಹಲಗೆಯನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇ ಎಂದು ನಗುವವರಿರಬಹುದು. ಅವರು ತಮ್ಮ ಮನೆಯ ಊಟದ ಮೇಜಿನ ಮೇಲಿರುವ ಮಣ್ಣಿನ ತಟ್ಟೆಯೊಂದನ್ನು ಕವುಚಿ ಹಾಕಿ, ಅದು ಕದಲದೆ ನಿಲ್ಲುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಹಲಗೆ ಏತಕ್ಕೆ ಬೇಕು? ತಿಗುರಿಯ ಮೇಲೆ ಆಗತಾನೆ ರೂಪುಗೊಂಡ ಲೋಟವನ್ನು ಎರಡು ಕೈಗಳಿಂದ ಹಿಡಿದು ಎತ್ತಿಡಬಹುದು, ಅದಕ್ಕೆ ನಿಲುವುಂಟು. ಹತ್ತು ಹನ್ನೊಂದು ಅಂಗುಲ ಅಗಲದ ಹಸಿ ತಟ್ಟೆಯನ್ನು ಹಾಗೆ ಎತ್ತಲು ಹೋಗುವುದು, ಅರ್ಧ ಬೆಂದ ದೋಸೆಯನ್ನು ಕಾವಲಿಯಿಂದ ಬರಿಗೈಯಲ್ಲಿ ಎತ್ತಲು ಹೋದಂತೆ. ಆದುದರಿಂದ ತಿಗುರಿಯ ತಲೆಯ ಮೇಲೆ ಮೊದಲು ಒಂದು ದುಂಡು ಹಲಗೆಯನ್ನು ಕೂರಿಸಿ, ತಟ್ಟೆಯನ್ನು ಆ ಹಲಗೆಯ ಮೇಲೆಯೇ ಮಾಡಿ, ಹಲಗೆಯೊಡನೆಯೇ ಎತ್ತಿ ಒಣಗಲಿಡುತ್ತಾರೆ. ಇಂಗ್ಲಿಷಿನವರು ಇದನ್ನು ಬ್ಯಾಟ್ ಎನ್ನುತ್ತಾರೆ. ಕ್ರಿಕೆಟ್ಟಿನ ದಾಂಡಿಗೂ ರಾತ್ರಿ ಹಾರುವ ಬಾವಲಿಗೂ ಆ ಭಾಷೆಯಲ್ಲಿ ಅದೇ ಹೆಸರಿರುವುದರಿಂದ ಹೊಸಬರು ತಬ್ಬಿಬ್ಬಾಗುವುದುಂಟು. ಜಪಾನಿನವರು ಕಮೆಯಿತ, ಎಂದರೆ ಆಮೆಯ ಹಲಗೆ, ಎನ್ನುತ್ತಾರೆ. ಉಪಾಯವೇನೋ ಬಹಳ ಹಳೆಯದು. ಕ್ರೀಟ್ ದ್ವೀಪದ ಮಿರ್ಟೋಸ್ ಎಂಬಲ್ಲಿ 1967 ಮತ್ತು 1968ರಲ್ಲಿ ಪೀಟರ್ ವಾರೆನ್ ಅವರು ನಡೆಸಿದ ಉತ್ಖನನದಲ್ಲಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸುಟ್ಟ ಮಣ್ಣಿನ ದುಂಡು ಬಿಲ್ಲೆಗಳು ದೊರೆತುವು. ಕುಂಬಾರರು ಅವುಗಳ ಮೇಲೆ ಪಾತ್ರೆಯನ್ನಿಟ್ಟು ತಿರುಗಿಸುತ್ತ ಕೆಲಸ ಮಾಡುತ್ತಿದ್ದರು. ತಿರುಗುವ ಚಕ್ರವೇ ಇನ್ನೂ ಪೂರ್ಣವಾಗಿ ರೂಪುಗೊಳ್ಳದಿದ್ದ ಕಾಲದಲ್ಲಿ ಅದರ ಮೇಲಿನ ಹಲಗೆಯ ಪೂರ್ವಜನು ಹುಟ್ಟಿದ್ದನೆಂದು ಹೇಳಬಹುದು.

ನಮ್ಮ ನಾಡಿನ ಕುಂಬಾರನಿಗೆ ಈ ಹಲಗೆಯ ಹಂಗು ಹೆಚ್ಚಾಗಿ ಇರಲಿಲ್ಲ. ಅವನು ತಿಗುರಿಯ ನಡುವೆ ದೊಡ್ಡ ಮುದ್ದೆಯನ್ನಿಟ್ಟು, ಅದರ ತುದಿಯಿಂದ ಒಂದೊಂದಾಗಿ ಹಣತೆಯನ್ನೋ ಕುಡಿಕೆಯನ್ನೋ ಎಬ್ಬಿಸಿ ದಾರದಿಂದ ಕೊಯ್ದಿಡುತ್ತಾನೆ. ದೊಡ್ಡ ಮಡಕೆಗಳನ್ನು ಆಮೇಲೆ ಸೊಳದಿಂದ ತಟ್ಟಿ ಹಿಗ್ಗಿಸುತ್ತಾನೆ. ತಟ್ಟೆಯನ್ನು ಅವನಿಂದ ಯಾರೂ ಕೇಳಲಿಲ್ಲ. ಊಟಕ್ಕೆ ಬಾಳೆಯ ಎಲೆ, ಮುತ್ತುಗದ ಎಲೆ. ಉಳ್ಳವರಿಗೆ ಕಂಚು, ಬೆಳ್ಳಿ. ಒಮ್ಮೆ ಉಂಡ ಮಣ್ಣಿನ ಪಾತ್ರೆ ಮೈಲಿಗೆಯೆಂಬ ಭಾವನೆಯೂ ಇತ್ತು. ಹಾಗೆಂದು ಈ ನೆಲದಲ್ಲಿ ಮಣ್ಣಿನ ತಟ್ಟೆಯೇ ಇರಲಿಲ್ಲವೆಂದು ತಿಳಿಯಬಾರದು. 1945ರಲ್ಲಿ ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿಯೂ, 1947ರಲ್ಲಿ ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿಯೂ ಮಾರ್ಟಿಮರ್ ವ್ಹೀಲರ್ ಅವರು ಅಗೆಸಿದಾಗ, ಒಳತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಕಚ್ಚುಗಳ ಉರುಳುಗೆರೆಯಿರುವ, ಒಳಬಾಗಿದ ಅಂಚಿನ, ನುಣುಪಾದ ತಟ್ಟೆಗಳ ಚೂರುಗಳು ಸಿಕ್ಕಿದುವು. ಆ ಚೂರುಗಳ ತೆಳುವನ್ನೂ ಸಮತೆಯನ್ನೂ ಕಂಡವರು, ಅವುಗಳನ್ನು ಮಾಡಿದವನಿಗೆ ತಿಗುರಿಯ ಮರ್ಮ ತಿಳಿದಿತ್ತೆಂಬುದನ್ನು ಒಪ್ಪದಿರಲಾರರು.

ಯೂರೋಪಿನಲ್ಲಿ ತಟ್ಟೆಯ ಕಥೆ ಬೇರೆ. ಅಲ್ಲಿನ ಮನೆಗಳಿಗೆ ತಟ್ಟೆಗಳು ಡಜನ್ನುಗಟ್ಟಲೆ, ಎಲ್ಲವೂ ಒಂದೇ ಅಳತೆಯವಾಗಿ ಬೇಕಾದುವು. 1769ರಲ್ಲಿ ಎಟ್ರೂರಿಯಾ ಎಂಬ ಕಾರ್ಖಾನೆಯನ್ನು ತೆರೆದ ಜೊಸಯ್ಯ ವೆಡ್ಜ್‌ವುಡ್ ಮೊದಲಾದ ಸ್ಟ್ಯಾಫರ್ಡ್‌ಷೈರಿನ ತಯಾರಕರ ನಾಡಿನಲ್ಲಿ ತಟ್ಟೆಯು ಅಚ್ಚಿನ ಕೆಲಸವಾಯಿತು. ತಟ್ಟೆಯನ್ನು ಅಲ್ಲಿ ಮಗುಚಿ ಮಾಡುತ್ತಾರೆ: ಪ್ಲಾಸ್ಟರಿನ ಉಬ್ಬಚ್ಚಿನ ಮೇಲೆ ಮಣ್ಣಿನ ಹಾಳೆಯನ್ನು ಹೊದಿಸಿದರೆ ತಟ್ಟೆಯ ಮುಖ ಮೂಡುತ್ತದೆ; ತಿರುಗುವಾಗ ಮೇಲಿನಿಂದ ಒಂದು ಅಲಗನ್ನು ಇಳಿಸಿದರೆ ಅದರ ಬೆನ್ನು ರೂಪುಗೊಳ್ಳುತ್ತದೆ. ಅಚ್ಚು ಬುಡದಲ್ಲಿ ಸ್ವಲ್ಪ ಕಿರಿದಾಗುತ್ತ ಬಂದು ಬಟ್ಟಲಿನಂಥ ಚಕ್ರದ ತಲೆಯೊಳಗೆ ತಾನಾಗಿ ನಡುವಿಗೆ ಕೂರುತ್ತದೆ. ಕಳೆದ ಶತಮಾನದಲ್ಲಿ ಬರ್ನರ್ಡ್ ಲೀಚ್ (1887–1979) ಅಂಥವರು ಅಚ್ಚನ್ನು ಬಿಟ್ಟು ಮರಳಿ ಕೈಯನ್ನು ನಂಬಿದರು. ಜಪಾನಿನಲ್ಲಿ ಕಲಿತ ಲೀಚ್ ಅವರು 1920ರಲ್ಲಿ ಹಮದಾ ಶೋಜಿಯವರೊಡನೆ ಇಂಗ್ಲೆಂಡಿನ ಸೇಂಟ್ ಐವ್ಸಿನಲ್ಲಿ ಕುಂಬಾರಶಾಲೆಯನ್ನು ಹೂಡಿದರು. ನಮ್ಮಲ್ಲಿ 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಆರಂಭಿಸಿದರು. ಉರುಳುಗೆರೆಯ ತಟ್ಟೆಗಳು ನೆಲದಡಿಯಿಂದ ಎದ್ದ ಊರಿನ ಮಗ್ಗುಲಲ್ಲಿಯೇ ಹೊಸ ತಟ್ಟೆಗಳೂ ಹುಟ್ಟಿದುವು ಎಂಬುದು ಒಂದು ಚೆಲುವಾದ ಯೋಗ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಲಗೆಯನ್ನು ತಿಗುರಿಗೆ ಬಿಗಿಯುವುದು ಬಟ್ಟಲಿಗಿಂತ ತಟ್ಟೆಯ ಕೆಲಸದಲ್ಲಿ ಏಕೆ ಹೆಚ್ಚು ಕಷ್ಟ? ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿದರೆ ಅದು ಅಲುಗುವುದಿಲ್ಲ, ಅಂಚಿನಲ್ಲಿ ಬೆರಳಿಟ್ಟರೆ ಸಾಕು, ತೆರೆಯುತ್ತದೆ. ಬೀಸುಕಲ್ಲಿನ ಗೂಟವನ್ನು ಅಂಚಿಗೆ ನೆಟ್ಟಿರುವುದೂ ಇದೇ ಕಾರಣದಿಂದ. ಎಂಟು ಸೆಂಟಿಮೀಟರ್ ಅಗಲದ ಲೋಟವನ್ನು ಮಾಡುವಾಗ ಕೈಯ ಒತ್ತಡವು ನಡುವಿನಿಂದ ನಾಲ್ಕು ಸೆಂಟಿಮೀಟರ್ ದೂರದಲ್ಲಿ ಬೀಳುತ್ತದೆ. ಮೂವತ್ತು ಸೆಂಟಿಮೀಟರ್ ತಟ್ಟೆಯ ಅಂಚಿನಲ್ಲಿ ಹದಿನೈದರಲ್ಲಿ ಬೀಳುತ್ತದೆ. ಕೈ ಅದೇ, ಬಲವೂ ಅದೇ. ಹಲಗೆಯನ್ನು ಕಿತ್ತು ತಿರುಗಿಸುವ ಶಕ್ತಿ ಮಾತ್ರ ಹೆಚ್ಚುಕಡಮೆ ನಾಲ್ಕು ಮಡಿಯಾಗುತ್ತದೆ. ವೇಗವನ್ನೂ ನೋಡಿ: ತಿಗುರಿಯು ನಿಮಿಷಕ್ಕೆ 60 ಸುತ್ತು ತಿರುಗುವಾಗ ಲೋಟದ ಅಂಚು ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಓಡಿದರೆ, ತಟ್ಟೆಯ ಅಂಚು ಸುಮಾರು 94 ಸೆಂಟಿಮೀಟರ್ ಓಡುತ್ತದೆ. ಅದರ ಮೇಲೆ, ತಟ್ಟೆಯ ತಳವನ್ನು ನಡುವಿನಿಂದ ಅಂಚಿಗೂ ಅಂಚಿನಿಂದ ನಡುವಿಗೂ ಹಲವು ಸಲ ಗಟ್ಟಿಯಾಗಿ ಒತ್ತಿ ನಡೆಯದಿದ್ದರೆ ಮಣ್ಣು ಒಣಗುವಾಗ ಸೀಳುತ್ತದೆ. ಹೀಗೆ ಅತಿ ಹೆಚ್ಚು ಒತ್ತಡವೂ ಅತಿ ಹೆಚ್ಚು ದೂರವೂ ಒಂದೆಡೆ ಸೇರುವ ಕೆಲಸವಿದು. ಹಲಗೆಯು ಒಂದು ಕೂದಲೆಳೆಯಷ್ಟು ಜಾರಿದರೂ ತಟ್ಟೆ ತನ್ನ ನಡುವನ್ನು ಕಳೆದುಕೊಳ್ಳುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯಾದರೂ ಹೊರಗಿನಿಂದ ಬರುತ್ತದೆ. ಇಲ್ಲಿ ಅದರ ಅವಶ್ಯಕತೆಯೂ ಇಲ್ಲ.

ಇಷ್ಟೇ ಆಗಿದ್ದರೆ ಹಲಗೆಯನ್ನು ಮೊಳೆ ಜಡಿದು ಕೂರಿಸಬಹುದಾಗಿತ್ತು. ಆದರೆ ಕೆಲಸ ಮುಗಿದ ಮರುಕ್ಷಣವೇ ಅದು ಕುಲುಕದೆ, ಓರೆಯಾಗದೆ, ಹಗುರವಾಗಿ ಬಿಟ್ಟುಬರಬೇಕು. ಬಿಡಿಸುವಾಗಿನ ಒಂದು ಎಳೆತವು ಹಸಿ ತಟ್ಟೆಯನ್ನು ಬಾಗಿಸಿದರೆ, ಒಡನೆಯೇ ಒತ್ತಿ ಸರಿಮಾಡಿದರೂ ಮಣ್ಣು ಆ ಬಾಗನ್ನು ಮರೆಯುವುದಿಲ್ಲ; ಒಲೆಯ ಬೆಂಕಿಯಲ್ಲಿ ಮತ್ತೆ ಹಾಗೆಯೇ ಬಾಗುತ್ತದೆ. ಗಟ್ಟಿಯಾಗಿ ಹಿಡಿಯಬೇಕು, ಕೇಳಿದಾಗ ಬಿಡಬೇಕು: ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಇಲ್ಲಿನ ಸಮಸ್ಯೆ.

ವಿದ್ಯುತ್ತಿನಿಂದ ಓಡುವ ಇಂದಿನ ತಿಗುರಿಗಳಲ್ಲಿ ಇದಕ್ಕೆ ಒಂದು ಸಿದ್ಧ ಪರಿಹಾರವಿದೆ. ಲೋಹದ ತಲೆಯಲ್ಲಿ ಎರಡು ರಂಧ್ರಗಳು. ಅವುಗಳಲ್ಲಿ ಎರಡು ಬೋಲ್ಟುಗಳು, ಅಡಿಯಿಂದ ರೆಕ್ಕೆಯ ನಟ್ಟುಗಳಿಂದ ಬಿಗಿದವು. ಮೇಲಕ್ಕೆ ಚಾಚಿದ ಅವುಗಳ ತಲೆಗಳ ಮೇಲೆ ಹಲಗೆಯ ಎರಡು ತೂತುಗಳು ಕೂರುತ್ತವೆ. ಅಮೆರಿಕೆಯ ಬ್ರೆಂಟ್ ಮೊದಲಾದ ತಿಗುರಿಗಳಲ್ಲಿ ಈ ಗೂಟಗಳ ನಡುವಣ ಅಂತರ 10 ಅಂಗುಲ. ಹಲಗೆಯನ್ನು ಇಟ್ಟರಾಯಿತು, ಎತ್ತಿದರಾಯಿತು. ದಿನಕ್ಕೆ ನಲವತ್ತು ತಟ್ಟೆಗಳನ್ನು ಮಾಡಬೇಕಾದವರಿಗೆ ಇದಕ್ಕಿಂತ ಸೌಕರ್ಯವಿಲ್ಲ. ಆದರೂ ಇದರಲ್ಲಿ ಎರಡು ದೋಷಗಳುಂಟು. ಗೂಟವು ಹಲಗೆಯನ್ನು ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆಯೇ ಹೊರತು, ಕೆಳಕ್ಕೆ ಹಿಡಿದುಕೊಳ್ಳುವುದಿಲ್ಲ. ಮತ್ತು ತೂತುಗಳು ದಿನ ಕಳೆದಂತೆ ಸವೆಯುತ್ತವೆ; ಸವೆದ ತೂತಿನಲ್ಲಿ ಗೂಟ ಆಡುತ್ತದೆ, ಕೈ ಒತ್ತಿದಾಗಲೆಲ್ಲ ಹಲಗೆ ಹಿಂದೆ ಮುಂದೆ ತುಯ್ಯುತ್ತದೆ.

ನಮ್ಮ ನಗರದ ಒಂದು ಕುಂಬಾರಿಕೆಯ ತರಗತಿಯಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳಬೇಕು. ನಡುವಯಸ್ಸಿನ ಮಹಿಳೆಯೊಬ್ಬರು ಮೂರು ಸಂಜೆಗಳಿಂದ ಒಂದೇ ತಟ್ಟೆಯನ್ನು ಮಾಡಿ ಮಾಡಿ ಮುದ್ದೆಗಟ್ಟುತ್ತಿದ್ದರು. ಅಂಚು ಒಂದೆಡೆ ದಪ್ಪ, ಒಂದೆಡೆ ತೆಳು. ತಮ್ಮ ಕೈ ನಡುಗುತ್ತದೆ, ವಯಸ್ಸಾಯಿತು, ಇನ್ನು ಬಿಡುವುದೇ ಒಳ್ಳೆಯದು ಎಂದು ಅವರು ನಿರ್ಧರಿಸಿದ್ದರು. ಶಿಕ್ಷಕರು ಅವರ ಕೈಯನ್ನು ನೋಡಲಿಲ್ಲ. ನಿಂತ ತಿಗುರಿಯ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತುತ್ತ ಬಂದರು; ಒಂದೆಡೆ ಟಕ್ಕೆಂದು ಸದ್ದಾಯಿತು. ಹಲಗೆಯನ್ನು ಎತ್ತಿದಾಗ ಗೂಟದ ಬುಡದಲ್ಲಿ ಅಕ್ಕಿಕಾಳಿನಷ್ಟು ಒಣಮಣ್ಣು ಅಂಟಿಕೊಂಡಿತ್ತು. ಅದನ್ನು ಒರೆಸಿ, ಲೋಹದ ಮೇಲೆ ಹಿಂಡಿದ ತೆಳು ಸ್ಯಾಮೊಯ್ ತೊಗಲನ್ನು ಹಾಸಿ, ಹಲಗೆಯನ್ನು ಮರಳಿ ಕೂರಿಸಿದರು. ಆ ಸಂಜೆಯ ತಟ್ಟೆ ಅಷ್ಟೇನೂ ಸುಂದರವಾಗಿರಲಿಲ್ಲ, ಸಮವಾಗಿತ್ತು. ಕೈಗೆ ವಯಸ್ಸಾಯಿತೆಂದು ಎಷ್ಟು ಜನ ಹೀಗೆ ಎದ್ದುಹೋಗಿದ್ದಾರೋ ತಿಳಿಯದು.

ಸವೆದ ತೂತಿಗೆ ಮದ್ದು ಉಂಟು. ಗೂಟಕ್ಕೆ ರಬ್ಬರಿನ ಸಣ್ಣ ಉಂಗುರವನ್ನು ತೊಡಿಸಬಹುದು. ತೂತಿಗೆ ಲೋಹದ ಬಳೆಯನ್ನು ಹಾಕಬಹುದು. ಮರದ ಹಲಗೆಯನ್ನು ಹೊಸದಾಗಿ ಕೊರೆಯುವವರು ಒಂದು ತೂತನ್ನು ದುಂಡಾಗಿಯೂ ಇನ್ನೊಂದನ್ನು ನಡುವಿನ ಕಡೆಗೆ ತುಸು ಉದ್ದವಾಗಿಯೂ ಕೊರೆಯುವುದು ಜಾಣತನ. ಏಕೆಂದರೆ ಮರ ನೀರು ಕುಡಿದು ಹಿಗ್ಗುತ್ತದೆ, ಲೋಹದ ಗೂಟ ಅಲುಗುವುದಿಲ್ಲ.

ಆದರೆ ನಮಗೆ ಮೆಚ್ಚಿಕೆಯಾದುದು ಇವಾವುವೂ ಅಲ್ಲ, ಹಳೆಯ ಮಣ್ಣಿನ ಗದ್ದುಗೆ. ಇದಕ್ಕೆ ಗೂಟ ಬೇಡ, ರಂಧ್ರ ಬೇಡ, ಹಣವೂ ಬೇಡ. ತಿಗುರಿಯ ತಲೆಯ ಮೇಲೆಯೇ ಒಂದು ಕಿಲೋಗ್ರಾಂನಷ್ಟು ಮಣ್ಣನ್ನು ನಡುವಿಗೆ ತಂದು, ಒಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ದಪ್ಪದ ಬಿಲ್ಲೆಯಾಗಿ ಹರಡಬೇಕು. ಹಲಗೆಗಿಂತ ಅದು ಎರಡು ಬೆರಳಷ್ಟು ಕಿರಿದಾಗಿದ್ದರೆ ಒಳ್ಳೆಯದು. ಮೇಲ್ಮೈಯನ್ನು ನೇರ ಪಟ್ಟಿಯಿಂದ ಕೆರೆದು ಮಟ್ಟಮಾಡಬೇಕು; ಅಂಚು ನಡುವಿಗಿಂತ ಕೂದಲಷ್ಟು ಎತ್ತರವಿರಲಿ, ತಗ್ಗಿರುವುದು ಬೇಡ. ನಡು ಉಬ್ಬಿದ್ದರೆ ಹಲಗೆ ಬುಗುರಿಯಂತೆ ಆಡುತ್ತದೆ. ಬಳಿಕ ಬೆರಳ ತುದಿಯಿಂದ ಸುತ್ತುಸುತ್ತಾಗಿ ನಾಲ್ಕೈದು ಗಾಡಿಗಳನ್ನು ಎಳೆಯಬೇಕು. ಈ ಗಾಡಿಗಳು ಅಲಂಕಾರಕ್ಕಲ್ಲ. ಹೆಚ್ಚಿನ ನೀರೂ ಕೆಸರೂ ಅವುಗಳೊಳಗೆ ಇಳಿಯುತ್ತವೆ, ನಡುವಣ ಏಣುಗಳು ಹಲಗೆಯನ್ನು ಮುಟ್ಟಿ ಅಪ್ಪುತ್ತವೆ. ಹಲಗೆಯನ್ನು ಗುದ್ದಿದಾಗ ಗಾಡಿಯೊಳಗಿನ ಗಾಳಿ ಹೊರಕ್ಕೆ ನೂಕಲ್ಪಟ್ಟು, ಮರಳಿ ಬರಲು ದಾರಿಯಿಲ್ಲದೆ, ಹೊರಗಿನ ಗಾಳಿಯ ಭಾರವೇ ಹಲಗೆಯನ್ನು ಅದುಮಿ ಹಿಡಿಯುತ್ತದೆ. ಒದ್ದೆಯಾದ ಎರಡು ಬಳಪದ ಹಲಗೆಗಳು ಒಂದಕ್ಕೊಂದು ಅಂಟಿ, ಎಳೆದರೂ ಬಾರದಂತಾದುದನ್ನು ಶಾಲೆಯ ದಿನಗಳಲ್ಲಿ ಕಂಡವರಿಗೆ ಇದರ ಮರ್ಮ ತಿಳಿಯುತ್ತದೆ.

ಎಲ್ಲವೂ ನೀರಿನ ಹದದಲ್ಲಿದೆ. ಗದ್ದುಗೆಯ ಮೇಲೆ ನೀರು ನಿಂತಿದ್ದರೆ ಅದು ಅಂಟಲ್ಲ, ಎಣ್ಣೆ, ಹಲಗೆ ಜಾರುತ್ತದೆ. ಗದ್ದುಗೆ ಒಣಗಿದ್ದರೆ ಹಿಡಿತವೇ ಇಲ್ಲ. ಹಲಗೆಯ ಬೆನ್ನೂ ಒಣಗಿರಬಾರದು; ಒಣಮರ ಮತ್ತು ಒಣ ಪ್ಲಾಸ್ಟರುಗಳು ಗದ್ದುಗೆಯ ತೇವವನ್ನು ಹೀರಿ, ತಟ್ಟೆ ಅರ್ಧವಾಗುವ ವೇಳೆಗೆ ಕೈಬಿಟ್ಟುಬಿಡುತ್ತವೆ. ಗದ್ದುಗೆಯನ್ನು ಸ್ಪಂಜಿನಿಂದ ಒರೆಸಿ, ಹಲಗೆಯ ಬೆನ್ನನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಸವರಿ, ನಡುವನ್ನು ನೋಡಿಕೊಂಡು ಇಳಿಸಿ, ಮುಷ್ಟಿಯಿಂದ ನಡುವೆ ಎರಡು ಗುದ್ದು ಗುದ್ದಿದರೆ ಸಾಕು. ಆಮೇಲೆ ಹಲಗೆಯ ಅಂಚನ್ನು ಎರಡು ಕೈಗಳಿಂದ ಹಿಡಿದು ತಿರುಚಿ ನೋಡಬೇಕು. ಈ ಪರೀಕ್ಷೆಯನ್ನು ಮಣ್ಣಿಡುವ ಮೊದಲೇ ಮಾಡತಕ್ಕದ್ದು. ಎರಡು ಕಿಲೋಗ್ರಾಂ ಮಣ್ಣನ್ನು ನಡುವಿಗೆ ತಂದ ಮೇಲೆ ಅನುಮಾನ ಬಂದರೆ ಪ್ರಯೋಜನವಿಲ್ಲ.

ಬಿಡಿಸುವುದು ಇನ್ನೂ ಸುಲಭ. ಹಲಗೆಗೂ ಗದ್ದುಗೆಗೂ ನಡುವೆ ಒಂದು ಚಪ್ಪಟೆ ಮರದ ಚಕ್ಕೆಯನ್ನು ತೂರಿಸಿ ಮೆಲ್ಲನೆ ತಿರುಗಿಸಿದರೆ ಗಾಳಿ ಒಳನುಗ್ಗುತ್ತದೆ, ಪಚ್ ಎಂಬ ಸಣ್ಣ ಸದ್ದಾಗುತ್ತದೆ, ಹಲಗೆ ಕೈಗೆ ಬರುತ್ತದೆ. ಗದ್ದುಗೆ ಹಾಗೆಯೇ ಉಳಿದಿರುತ್ತದೆ. ಒರೆಸಿ, ತೇವಮಾಡಿ, ಮುಂದಿನ ಹಲಗೆಯನ್ನು ಕೂರಿಸಬಹುದು. ಗೂಟಗಳಿಗಿಂತ ನಿಧಾನ, ನಿಜ. ಆದರೆ ಇದು ಹಲಗೆಯ ಇಡೀ ಬೆನ್ನನ್ನು ಹಿಡಿಯುತ್ತದೆ. ತುಸು ಸೊಟ್ಟ ಹಲಗೆಯನ್ನೂ ಮಟ್ಟಮಾಡಿಕೊಳ್ಳುತ್ತದೆ.

ಹಣ ಬೇಡವೆಂಬ ಮಾತನ್ನು ನಾವು ಲಘುವಾಗಿ ಆಡಲಿಲ್ಲ. ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ಕುಗಳು ಬಂದ ಮೇಲೆ ನಮ್ಮ ಹಳ್ಳಿಗಳ ಕುಂಬಾರರ ಕೊಡ, ಹರವಿಗಳನ್ನು ಕೊಳ್ಳುವವರು ಕಡಮೆಯಾದರು. ಪಟ್ಟಣಗಳಲ್ಲಿ ಈಗ ಕೈಯಲ್ಲಿ ಮಾಡಿದ ಮಣ್ಣಿನ ತಟ್ಟೆಗೆ ಬೇಡಿಕೆಯುಂಟು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಲ್ಲಿ ಆರಂಭಿಸಿದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ವಿದ್ಯುತ್ ತಿಗುರಿಗಳನ್ನು ಹಂಚಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆಗೆಂದೇ ಅದರ ತರಬೇತಿಯ ಸಂಸ್ಥೆಯೂ ಇದೆ. ಕೋಲಿನಿಂದ ತಿರುಗಿಸುವ ಹಳೆಯ ತಿಗುರಿಯು ದೀರ್ಘ ಒತ್ತಡದಲ್ಲಿ ವೇಗ ಕಳೆದುಕೊಳ್ಳುತ್ತಿತ್ತು, ಹೊಸದು ಕಳೆದುಕೊಳ್ಳುವುದಿಲ್ಲ. ತಟ್ಟೆಗೆ ಬೇಕಾದ ಚಕ್ರ ಹೀಗೆ ಕುಂಬಾರನ ಮನೆಗೆ ಬಂದಿದೆ. ಅವನ ಕೈಗೆ ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿಲ್ಲ. ಕೊಂಡುತರುವ ಗೂಟದ ಹಲಗೆಗಳಿಗೆ ಕಾಯದೆ, ಊರಿನ ಬಡಗಿಯಿಂದ ಐದಾರು ದುಂಡು ಹಲಗೆಗಳನ್ನು ಕೊಯ್ಯಿಸಿಕೊಂಡು, ತನ್ನ ಮಣ್ಣಿನ ಗದ್ದುಗೆಯ ಮೇಲೆ ಅವನು ನಾಳೆಯೇ ತಟ್ಟೆಯನ್ನು ಮಾಡಬಲ್ಲನು. ಇಂಥ ಸಣ್ಣ ಸಂಗತಿಗಳನ್ನು ಯಂತ್ರದೊಡನೆ ಕಲಿಸಿಕೊಡದಿದ್ದರೆ ಯಂತ್ರವು ಮೂಲೆ ಸೇರುವುದನ್ನು ನಾವು ಬೇರೆ ಕಸುಬುಗಳಲ್ಲಿ ಕಂಡಿದ್ದೇವೆ.

ಹಲಗೆ ಯಾವುದರದಾಗಿರಬೇಕು? ನೀರಿಗೆ ಜಗ್ಗದ ಒಳ್ಳೆಯ ಪ್ಲೈವುಡ್ ಸಾಕು. ಮಣ್ಣು ಬೆಂಕಿಯಲ್ಲಿ ಕುಗ್ಗುವುದರಿಂದ, ನೂರಕ್ಕೆ ಹನ್ನೆರಡರಷ್ಟು ಕುಗ್ಗುವ ಮಣ್ಣಿನಲ್ಲಿ 10 ಅಂಗುಲದ ತಟ್ಟೆ ಬೇಕಾದರೆ ಹಸಿಯಲ್ಲಿ 11 ಅಂಗುಲಕ್ಕೂ ಮಿಗಿಲಾಗಿ ಮಾಡಬೇಕು. ಹಲಗೆ 13 ಅಂಗುಲಕ್ಕೆ ಕಡಮೆ ಇರಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸಿನ ಹಲಗೆಗೆ ಒಂದು ಗುಣವುಂಟು: ಅದು ತಟ್ಟೆಯ ತಳದ ನೀರನ್ನು ಹೀರುವುದರಿಂದ ತಟ್ಟೆ ತಾನಾಗಿ ಬಿಟ್ಟುಕೊಳ್ಳುತ್ತದೆ, ತಂತಿಯ ಕೆಲಸವಿಲ್ಲ. ಅದರ ಮೇಲೆ ತಂತಿಯನ್ನು ಎಳೆಯಲೂ ಬಾರದು. ಪ್ಲಾಸ್ಟರಿನ ಒಂದು ಚೂರು ಮಣ್ಣಿಗೆ ಬೆರೆತರೆ, ಸುಟ್ಟ ಎಷ್ಟೋ ದಿನಗಳ ಮೇಲೆ ಅದು ಗಾಳಿಯ ತೇವವನ್ನು ಕುಡಿದು ಹಿಗ್ಗಿ, ತಟ್ಟೆಯ ಮುಖದಿಂದ ಒಂದು ಚಕ್ಕೆಯನ್ನು ಸಿಡಿಸುತ್ತದೆ.

ಮರದ ಹಲಗೆಯಾದರೆ ತಟ್ಟೆ ಮುಗಿದೊಡನೆ, ತಿಗುರಿ ಮೆಲ್ಲನೆ ತಿರುಗುತ್ತಿರುವಾಗಲೇ, ತಂತಿಯನ್ನು ಎರಡು ಹೆಬ್ಬೆರಳುಗಳಿಂದ ಹಲಗೆಗೆ ಒತ್ತಿ ಬಿಗಿಯಾಗಿ ಎಳೆಯಬೇಕು. ಸಡಿಲವಾದ ತಂತಿ ನಡುವೆ ಮೇಲಕ್ಕೆದ್ದು ತಳವನ್ನು ತೆಳುಮಾಡುತ್ತದೆ. ಹೀಗೆ ಕೊಯ್ಯದೆ ಬಿಟ್ಟರೆ ಅಂಟಿದ ತಳ ಕುಗ್ಗಲಾರದೆ ಸೀಳುತ್ತದೆ. ತಟ್ಟೆಯು ಹಲಗೆಯ ಮೇಲೆಯೇ ಇದ್ದು, ಅಂಚು ಬೇಗ ಒಣಗದಂತೆ ತೆಳು ಹಾಳೆಯನ್ನು ಹೊದ್ದುಕೊಂಡು, ತೊಗಲಿನ ಹದಕ್ಕೆ ಬಂದ ಮೇಲೆ, ಮೇಲೊಂದು ಹಲಗೆಯನ್ನಿಟ್ಟು ಎರಡರ ನಡುವೆ ಹಿಡಿದು ಒಮ್ಮೆಗೇ ಮಗುಚಬೇಕು. ಆಗ ಅದರ ಬೆನ್ನನ್ನು ಕೆತ್ತಿ ಪಾದವನ್ನು ಬಿಡಿಸಬಹುದು. ಖಾಲಿಯಾದ ಹಲಗೆಯನ್ನು ತೊಳೆದು ಗೋಡೆಗೆ ಒರಗಿಸಿ ನಿಲ್ಲಿಸತಕ್ಕದ್ದು. ಮಲಗಿಸಿಟ್ಟರೆ ಒಂದು ಮೈಯಿಂದ ಮಾತ್ರ ಒಣಗಿ ಬಾಗುತ್ತದೆ. ಹೆಚ್ಚಾಗಿ ಬಾಗಿದ ಹಲಗೆಯನ್ನು ಗದ್ದುಗೆಯೂ ತಿದ್ದಲಾರದು. ಹೂವಿನ ಕುಂಡದ ಅಡಿಯಲ್ಲಿಡಲು ಅದನ್ನು ಬಳಸಬಹುದು.